ಹಾರ್ಮೋನಿಯಂ ಮೇಲಿನ ಟಿಕಳಿ

ಮೊದಲಿಗೆ ಕ್ಷಮೆ ಕೇಳಿಬಿಡುತ್ತೇನೆ. ಈ ಕಾಗದವನ್ನು ಬರೆದವಳೂ ನಾನೇ, ಓದುವವಳೂ ನಾನೇ. ಆದರೂ ನನ್ನ ಅಕ್ಷರ ನನಗೇ ತಿಳಿಯದೆ ನಡುವೆ ನಿಂತರೆ ಬೇಸರ ಮಾಡಿಕೊಳ್ಳಬೇಡಿ. ಕಾಗುಣಿತದ ತಪ್ಪುಗಳೂ ಬೇಕಾದಷ್ಟಿವೆ. ಅವು ನಿಮಗೆ ಕೇಳಿಸುವುದಿಲ್ಲ, ಅದೊಂದೇ ಧೈರ್ಯ.

ಸಭೆಯ ಅಧ್ಯಕ್ಷರಾದ ಸುಂದರ ಶೆಟ್ಟರೇ, ಐದು ದಿನ ತರಬೇತಿ ಕೊಟ್ಟ ಸುಹಾಸ ಸರ್ ಅವರೇ, ಪುಣೆಯ ಬೇರೆ ಬೇರೆ ಶಾಲೆಗಳಿಂದ ಬಂದ ಸಂಗೀತ ಶಿಕ್ಷಕರೇ, ಮುಂದಿನ ಸಾಲಿನಲ್ಲಿ ಕುಳಿತ ನಮ್ಮ ಪಂಕಜಾಕ್ಷಿ ಟೀಚರೇ, ಹಾಡುವ ಸರದಿಗಾಗಿ ಪರದೆಯ ಹಿಂದೆ ಗದ್ದಲ ಮಾಡುತ್ತಿರುವ ಮಕ್ಕಳೇ, ಸಭಿಕರೇ,

ನನ್ನ ಹೆಸರು ಶರಣಮ್ಮ. ಈ ಕನ್ನಡ ಶಾಲೆಯಲ್ಲಿ ಕಸ ಗುಡಿಸುವುದು, ಗಂಟೆ ಹೊಡೆಯುವುದು, ಸಂಗೀತದ ಕೋಣೆಯ ಹಾರ್ಮೋನಿಯಂ ಒರೆಸುವುದು ನನ್ನ ಕೆಲಸ. ವಯಸ್ಸು ಇಪ್ಪತ್ತೆರಡಾದರೂ ಮಕ್ಕಳು ಮಾವಶಿ ಎನ್ನುತ್ತಾರೆ. ಪುಣೆಯಲ್ಲಿ ಪೊರಕೆ ಹಿಡಿದ ಕೂಡಲೇ ಚಿಕ್ಕಮ್ಮನ ಪಟ್ಟ ಸಿಕ್ಕಿಬಿಡುತ್ತದೆ. ಶಿಬಿರದ ಐದೂ ದಿನ ಚಹಾ ಕೊಟ್ಟವಳು ನಾನು. ಚಹಾ ಕುಡಿದರೆ ಗಂಟಲು ಕೆಡುತ್ತದೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಲೇ ತಾವೆಲ್ಲ ಮೂರು ಮೂರು ಕಪ್ಪು ಕುಡಿದಿದ್ದೀರಿ. ನಾನು ಯಾರಿಗೂ ಹೇಳಿಲ್ಲ.

ನಾನೂ ಮಾತಾಡಬೇಕು ಎಂದವರು ಪಂಕಜಾಕ್ಷಿ ಟೀಚರ್. “ಎರಡು ಮಾತು ಹೇಳು ಮಾರಾಯ್ತಿ, ಹೆದರುವುದು ಎಂತಕ್ಕೆ?” ಎಂದರು. ಎಂತಕ್ಕೆ? ಹೇಳುತ್ತೇನೆ.

ಐದನೆಯ ತರಗತಿಯವರೆಗೆ ನಾನು ಓದಿದ್ದು ಇದೇ ಶಾಲೆಯಲ್ಲಿ. ನಮ್ಮಪ್ಪ ಹಣಮಂತ್ರಾಯ ಆಗ ಹತ್ತಿರದ ಕಟ್ಟಡವೊಂದರಲ್ಲಿ ಗಾರೆ ಕೆಲಸ ಮಾಡುತ್ತಿದ್ದ. ಮಧ್ಯಾಹ್ನ ನಾನು ಕೆಳಗೆ ನಿಂತು “ಯಪ್ಪಾ, ಊಟಕ್ಕ ಬಾ!” ಎಂದು ಕೂಗಿದರೆ ಏಳನೆಯ ಮಾಳಿಗೆಗೆ ಕೇಳುತ್ತಿತ್ತು. “ನಮ್ಮ ಶರಣಿ ಇರೂದ್ರಾಗ ಈ ಸೈಟಿಗಿ ಭೋಂಗಾ ಯಾಕ ಬೇಕ್ರೋ?” ಎಂದು ಅಪ್ಪ ಜೊತೆಗಾರರಿಗೆ ಹೇಳಿ ನಗುತ್ತಿದ್ದ. ಅಂಥ ಸೈರನ್ನಿನ ದನಿಯವಳನ್ನು ಮೂರನೆಯ ತರಗತಿಯಲ್ಲಿ ವಾರ್ಷಿಕೋತ್ಸವದ ಹಾಡಿಗೆ ನಿಲ್ಲಿಸಿ, ಇದೇ ಪಂಕಜಾಕ್ಷಿ ಟೀಚರ್ ನನ್ನ ಬಾಯಿಯ ಹತ್ತಿರ ಕಿವಿ ತಂದರು. ಆಮೇಲೆ ಬಹಳ ಪ್ರೀತಿಯಿಂದಲೇ ಹೇಳಿದರು: “ನಿನಗೆ ಸ್ವರ ಇಲ್ಲ ಮಾರಾಯ್ತಿ. ಹಿಂದೆ ನಿಂತು ಬಾಯಿ ಮಾತ್ರ ಆಡಿಸು, ಆಯ್ತಾ?”

ಆಯಿತು. ಮೂರು ವರ್ಷ ಬಾಯಿ ಆಡಿಸಿದೆ. ಎಷ್ಟು ಚೆನ್ನಾಗಿ ಆಡಿಸಿದೆ ಎಂದರೆ, ಒಂದು ವರ್ಷ ಸುಂದರ ಶೆಟ್ಟರು ನನ್ನನ್ನೇ ವೇದಿಕೆಯ ಮುಂದೆ ಕರೆದು, “ಚಂದ ಹಾಡಿದೆ ಮಗಾ” ಎಂದು ಕಂಪಾಸ್ ಪೆಟ್ಟಿಗೆ ಕೊಟ್ಟರು. ಶೆಟ್ಟರೇ, ಆ ಪೆಟ್ಟಿಗೆ ಇನ್ನೂ ನಮ್ಮ ಮನೆಯಲ್ಲಿದೆ. ಹಿಂದಕ್ಕೆ ಕೊಡುವುದಿಲ್ಲ. ಆಮೇಲೆ ಅಪ್ಪನ ಕೆಲಸ ಊರಾಚೆಯ ಚಾಕಣಕ್ಕೆ ಹೋಯಿತು, ನನ್ನ ಓದೂ ನಿಂತಿತು.

ಎರಡು ವರ್ಷದ ಹಿಂದೆ ಪೊರಕೆ ಹಿಡಿದು ಇಲ್ಲಿಗೇ ಬಂದೆ. ಹಾರ್ಮೋನಿಯಂ ಒರೆಸುವಾಗ ನೋಡಿದೆ, ಬೆರಳು ಒತ್ತುವ ಒಂದು ಬಿಳಿ ಮನೆಯ ಮೇಲೆ ಹಣೆಗೆ ಇಡುವ ಮೆರೂನ್ ಟಿಕಳಿ ಅಂಟಿಸಿತ್ತು. ಹಾಡು ಶುರು ಮಾಡುವ ಜಾಗವನ್ನು ಹುಡುಕುತ್ತ ಕೂರಬಾರದು ಎಂದು ಟೀಚರ್ ಮಾಡಿಕೊಂಡ ಗುರುತು. ಟೀಚರ ದನಿಗೆ ಅದು ಹದವಾದ ಜಾಗ. ಪ್ರಾರ್ಥನೆ ಅಲ್ಲಿಂದ, ದೇಶಭಕ್ತಿ ಗೀತೆ ಅಲ್ಲಿಂದ, ಬೀಳ್ಕೊಡುಗೆಯ ಹಾಡೂ ಅಲ್ಲಿಂದಲೇ. ಟಿಕಳಿ ಹಳತಾದರೆ ಟೀಚರ್ ತಮ್ಮ ಹಣೆಯದನ್ನೇ ತೆಗೆದು ಅಂಟಿಸುತ್ತಾರೆ.

ಶಿಬಿರದ ಮೂರನೆಯ ದಿನ ಸುಹಾಸ ಸರ್ ಶಿಕ್ಷಕರನ್ನೆಲ್ಲ ಮಕ್ಕಳ ಬೆಂಚಿನ ಮೇಲೆ ಕೂರಿಸಿದರು. ಕೆಲವರು ಒಳಗೆ ಹೋಗಲು ಕಷ್ಟಪಟ್ಟರು, ಹೊರಗೆ ಬರಲು ಇನ್ನೂ ಕಷ್ಟಪಟ್ಟರು. ಸರ್ ತಮ್ಮ ಗಡಸು ದನಿಗೆ ಒಪ್ಪುವ ಜಾಗದಿಂದ ಹಾಡಿ, “ಚಲಾ, ಈಗ ನೀವು ಹಾಡ್ರಿ” ಎಂದರು. ನಾನು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿದ್ದೆ. ನೋಡುತ್ತೇನೆ, ಪಂಕಜಾಕ್ಷಿ ಟೀಚರ್ ಬಾಯಿ ಮಾತ್ರ ಆಡಿಸುತ್ತಿದ್ದಾರೆ! ಬಾಯಿ ಆಡಿಸುವವರ ಮುಖ ನನಗೆ ಗೊತ್ತಿಲ್ಲದೆ ಇರುತ್ತದೆಯೇ? ಸರ್ ಕೂಡ ಹಿಡಿದುಬಿಟ್ಟರು.

“ಮ್ಯಾಡಮ್, ಆವಾಜ್ ಎಲ್ಲದರಿ?”

“ಅಷ್ಟು ಕೆಳಗೆ ನನ್ನ ಸ್ವರ ಹೋಗುವುದಿಲ್ಲ ಸರ್.”

“ಹಂಗಂದ್ರ ನಿಮಗ ಸ್ವರಾನೇ ಇಲ್ಲ ಅನ್ಲೇನು?”

ಎಲ್ಲರೂ ನಕ್ಕರು. ಟೀಚರ್ ನಗಲಿಲ್ಲ. ಅವರು ತಿರುಗಿ ಬಾಗಿಲ ಕಡೆ ನೋಡಿದರು. ನಾನು ತಟ್ಟೆ ನೋಡಿದೆ. ಒಂದು ಕಪ್ಪು ಚೆಲ್ಲಿತ್ತು.

ಮಕ್ಕಳ ದನಿ ಮೇಲಿರುತ್ತದೆ, ನಿಮ್ಮ ಜಾಗಕ್ಕೆ ಅವರನ್ನು ಎಳೆಯಬೇಡಿ, ಅವರ ಜಾಗಕ್ಕೆ ನೀವು ಹೋಗಿ ಎಂದು ಸರ್ ಹೇಳಿದರು. ನಾಲ್ಕನೆಯ ದಿನ ನಮ್ಮ ಶಾಲೆಯ ಮಕ್ಕಳನ್ನು ಕರೆಸಿ, ಟಿಕಳಿಯಿಂದ ಬಲಕ್ಕೆ ನಾಲ್ಕನೆಯ ಮನೆಯಿಂದ ಬಾರಿಸಲು ಟೀಚರಿಗೇ ಹೇಳಿದರು. ಅಷ್ಟು ಮೇಲೆ ಟೀಚರ ದನಿ ಸ್ವಲ್ಪ ಒಡೆಯಿತು. ಆದರೆ ಹಿಂದಿನ ಸಾಲು ಹಾಡಿತು. ಅಲ್ಲಿ ನಾಲ್ಕನೆಯ ತರಗತಿಯ ನನ್ನ ತಂಗಿ ಅವ್ವಮ್ಮ ಇದ್ದಳು. ಅಜ್ಜಿಯ ಹೆಸರು ಇಟ್ಟಿದ್ದಕ್ಕೋ ಏನೋ, ಮನೆಯಲ್ಲಿ ಎಲ್ಲರನ್ನೂ ಗದರಿಸುತ್ತಾಳೆ. ಶಾಲೆಯಲ್ಲಿ ಮಾತ್ರ ಅವಳದೂ ಬಾಯಿ ಆಡಿಸುವ ಕೆಲಸ. ಅವತ್ತು ಅವಳು ಹಾಡಿದ್ದು ನನಗೆ ಅಂಗಳದ ನಲ್ಲಿಯವರೆಗೆ ಕೇಳಿತು.

ಆದರೆ ನಿನ್ನೆ, ಐದನೆಯ ದಿನ, ಇಂದಿನ ಹಾಡಿನ ಕೊನೆಯ ತಾಲೀಮಿನಲ್ಲಿ, ಟೀಚರ ಬೆರಳು ಸೀದಾ ಟಿಕಳಿಯ ಮೇಲೆಯೇ ಹೋಯಿತು. ಇಪ್ಪತ್ತು ವರ್ಷದ ರೂಢಿ, ಬೆರಳಿನದೇನು ತಪ್ಪು? ಹಿಂದಿನ ಸಾಲು ಮತ್ತೆ ಸುಮ್ಮನಾಯಿತು. ಮನೆಗೆ ಹೋಗುವಾಗ ಅವ್ವಮ್ಮ ಕೇಳಿದಳು: “ಯಕ್ಕಾ, ನಾಳಿಗೂ ಬರೇ ಬಾಯಿನೇ ಏನು?”

ಎರಡು ವರ್ಷದಿಂದ ಒರೆಸುತ್ತಿದ್ದೇನೆ, ಒಮ್ಮೆಯೂ ಆ ಟಿಕಳಿ ಮುಟ್ಟಿರಲಿಲ್ಲ.

ಟೀಚರೇ, ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ನನ್ನ ಹೆಸರು ನೆನಪಿಟ್ಟು ಈ ಕೆಲಸ ಕೊಡಿಸಿದವರು ನೀವು. ಬಾಯಿ ಆಡಿಸು ಎಂದವರೇ ಇಂದು ಮಾತಾಡು ಎಂದಿರಿ. ಅದಕ್ಕೇ ಮಾತಾಡಿದೆ.

ಚಹಾ ಚೆನ್ನಾಗಿದೆ ಎಂದವರಿಗೂ, ಸಕ್ಕರೆ ಕಡಿಮೆ ಎಂದವರಿಗೂ, ಇಷ್ಟು ಹೊತ್ತು ಕೇಳಿದ ನಿಮ್ಮೆಲ್ಲರಿಗೂ ಕೈಮುಗಿಯುತ್ತೇನೆ. ನಮಸ್ಕಾರ.

ಇನ್ನೊಂದು ಮಾತು ಕಾಗದದ ಹಿಂದೆ ಬರೆದುಕೊಂಡಿದ್ದೆ. ಈಗ ಪರದೆ ಸರಿಯುತ್ತದೆ, ಟೀಚರ್ ಹಾರ್ಮೋನಿಯಂ ಮುಂದೆ ಕೂರುತ್ತಾರೆ. ಇವತ್ತು ಬೆಳಿಗ್ಗೆ ಒರೆಸುವಾಗ ಆ ಟಿಕಳಿಯನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ, ಬಲಕ್ಕೆ ನಾಲ್ಕು ಮನೆ ಎಣಿಸಿ ಅಂಟಿಸಿದ್ದೇನೆ. ಹಳೆಯ ಜಾಗದಲ್ಲಿ ಅಂಟಿನ ಗುರುತು ಹಾಗೇ ಇದೆ, ಟೀಚರೇ. ಅದನ್ನು ಒರೆಸಿಲ್ಲ.