ರಾಚವ್ವನ ಮೊದಲ ಮುಷ್ಟಿ

ನುಡಿವ ನಾಲಿಗೆಯಲ್ಲಿಯೂ ಆಲಿಸುವ ಕಿವಿಯಲ್ಲಿಯೂ ನೆಲೆಸಿರುವ ಪರಶಿವನಿಗೆ ಶರಣೆಂದು, ಭಾಲ್ಕಿಯ ಬಸ್ ನಿಲ್ದಾಣದಲ್ಲಿ ಕೇಳಿದ ಮಾತನ್ನು ಬರೆಯುತ್ತೇನೆ. ಬೀದರಿನ ಬಸ್ಸಿಗೆ ಕಾಯುತ್ತಿದ್ದ ನನ್ನ ಪಕ್ಕದಲ್ಲಿ ಕಾದಂಬರಿಕಾರ್ತಿ ಈಶ್ವರಿಯೂ, ತೊಗರಿ ಬೀಜದ ಚೀಲವನ್ನು ಮಡಿಲಲ್ಲಿಟ್ಟುಕೊಂಡ ಆಕೆಯ ಅತ್ತೆಯೂ ಕುಳಿತಿದ್ದರು.

“ನಿನ್ನ ರಾಚವ್ವನ ಕತಿ ಮೊಮ್ಮಗಳು ಪೂರಾ ಓದಿ ಹೇಳಿದಳು. ಅದರಾಗಿನ ಅತ್ತಿ ನಾನೇ ಏನು?”

“ಹೌದ್ರಿ, ಅತ್ತಿ.”

“ಆಕಿಗಿ ಉಬ್ಬು ಹಲ್ಲು ಯಾಕ ಬರದಿ? ನನ್ನ ಹಲ್ಲು ಉಬ್ಬ್ಯಾವೇನು?”

“ನಿಮಗ ಗುರ್ತು ಸಿಗಬಾರದಂತ ಬರದೇನ್ರಿ.”

“ಗಂಡ ಸತ್ತಾಕಿ ಮೊದಲ ಮುಷ್ಟಿ ಬಿತ್ತಬಾರದಂತ ನಾ ನಿನ್ನ ಕೈಯಾಗಿನ ಬೀಜ ಕಸಗೊಂಡಿದ್ದೆ. ಅದನ್ನೂ ಬರದಿ.”

“ಬರದೇನ್ರಿ. ಆದರ ಕತಿಯಾಗ ರಾಚವ್ವ ಬೀಜ ಬಿಟ್ಟುಕೊಡಲಿಲ್ರಿ. ನಾ ಬಿಟ್ಟುಕೊಟ್ಟಿದ್ದೆ.”

“ಆಕಿ ಬಿತ್ತಿದಾಗ ನಾ ಚಪ್ಪಾಳಿ ಹೊಡದೆ. ಆಮ್ಯಾಲ ನಿನ್ನ ನೆನಪಾತು.”

ಅತ್ತೆ ಬೀಜದ ಚೀಲವನ್ನು ಎತ್ತಿ ಸೊಸೆಯ ಮಡಿಲಲ್ಲಿಟ್ಟಳು.

“ನಾಳಿ ನಮ್ಮೂರು ಡಾಬಕಾದ ಹೊಲದಾಗ ಮೊದಲ ಮುಷ್ಟಿ ನಿಂದು.”

“ಊರ ಮಂದಿ ಸುಮ್ಮ ಇರತಾರೇನ್ರಿ?”

“ಯಾವನರ ಬಾಯಿ ತೆಗೀಲಿ. ಉಬ್ಬು ಹಲ್ಲು ಕೊಟ್ಟೀಯಲ್ಲ, ಕಚ್ಚತೇನಿ!”

ಅಷ್ಟರಲ್ಲಿ ಅವರೂರ ಕಡೆಗೆ ಹೋಗುವ ಔರಾದಿನ ಬಸ್ಸು ಬಂದಿತು. “ಸರೀರಿ, ಬಿತ್ತಾಕಿ ಬಂದಾಳ!” ಎಂದು ಅತ್ತೆ ಜನಸಂದಣಿಯನ್ನು ಸೀಳುತ್ತ ಮುಂದೆ ನಡೆದಳು. ಈಶ್ವರಿ ಚೀಲವನ್ನು ಎದೆಗವಚಿಕೊಂಡು, ತಾನೇ ಬರೆದ ರಾಚವ್ವನಂತೆ ತಲೆಯೆತ್ತಿ ಹಿಂಬಾಲಿಸಿದಳು.

ಇದನ್ನು ಕೇಳಿದವರೆಲ್ಲರ ಮಡಿಲು ಬೀಜದಿಂದ ತುಂಬಿರಲಿ. ಅವರ ಕೈಯಿಂದ ಬಿದ್ದುದೆಲ್ಲವನ್ನೂ ಶಿವನು ಮೊಳೆಯಿಸಲಿ.