ಗುಂಪಿನ ಪಟ್ಟಿಯಲ್ಲಿ ಬಾರದ ಹೆಸರು

ಹೇಳಿಕೆ ಕೊಟ್ಟವರು: ಉಜ್ವಲಾ ತಂದೆ ದಿವಂಗತ ಕಾಶಿರಾಮ, ವಯಸ್ಸು 37 ವರ್ಷ, ಉದ್ಯೋಗ: ಖಾಸಗಿ ರಕ್ತ ತಪಾಸಣಾ ಕೇಂದ್ರದಲ್ಲಿ ಕಂಪ್ಯೂಟರ್ ಕೆಲಸ, ಸ್ವಂತ ಊರು ಹುಡಗಿ ಗ್ರಾಮ, ಹಾಲಿ ವಸ್ತಿ ಹುಮನಾಬಾದ ಬಸ್ ನಿಲ್ದಾಣದ ಹಿಂದಿನ ಬಾಡಿಗೆ ಕೋಣೆ.

ಯಾರೂ ಕರೆಸದೆ ಖುದ್ದಾಗಿ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ನಾನು ಆರು ವರ್ಷದಿಂದ ಸದರಿ ಕೇಂದ್ರದಲ್ಲಿ ಕೆಲಸ ಮಾಡಿಕೊಂಡಿರುತ್ತೇನೆ. ಮುಖ್ಯ ಕಚೇರಿ ಹುಮನಾಬಾದದಲ್ಲಿ, ಶಾಖೆ ಬಸವಕಲ್ಯಾಣದಲ್ಲಿ ಇರುತ್ತದೆ. ಎರಡೂ ಕಡೆಯ ವರದಿಗಳು ಇಲ್ಲಿಯ ಮೊದಲ ಮಹಡಿಯ ದೊಡ್ಡ ಕಂಪ್ಯೂಟರಿಗೆ ಬಂದು ಸೇರುತ್ತವೆ. ಆ ಕೋಣೆಯಲ್ಲಿ ನಾನೊಬ್ಬಳೇ ಕೂರುತ್ತೇನೆ. ಕೆಳಗಿನವರಿಗೆ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಾಗ ನನ್ನ ನೆನಪಾಗುತ್ತದೆ. ಹೊಸ ಪ್ರಿಂಟರ್ ತಂದ ಮೇಲೆ ಅದೂ ಕಡಿಮೆಯಾಗಿದೆ.

ದಿನಾಂಕ 27-10-2025ರಂದು ಬೆಳಿಗ್ಗೆ 9:30ಕ್ಕೆ ಬಸವಕಲ್ಯಾಣ ಶಾಖೆಯ ತಂತ್ರಜ್ಞ ಏಕನಾಥ, ವಯಸ್ಸು 41, ವಾಸ ದುಬಲಗುಂಡಿ, ನನಗೆ ಫೋನ್ ಮಾಡಿ ತಮ್ಮ ಕಂಪ್ಯೂಟರಿನಲ್ಲಿ ತಾರೀಖು 2009ನೇ ಇಸವಿ ತೋರಿಸುತ್ತಿದೆ ಎಂದು ತಿಳಿಸಿದರು. ಒಳಗಿನ ಗಡಿಯಾರದ ಸೆಲ್ ಮುಗಿದಿತ್ತು. ಅದು ಮುಗಿದರೆ ಯಂತ್ರ ಪ್ರತಿ ಸಲ ಚಾಲೂ ಆದಾಗ ಹಳೇ ತಾರೀಖಿಗೆ ಹೋಗಿ ನಿಲ್ಲುತ್ತದೆ. ತಾರೀಖು ತಿದ್ದುವ ಪಾಸ್‌ವರ್ಡ್ ನನ್ನ ಹತ್ತಿರ ಮಾತ್ರ ಇತ್ತು. ನಾನು ಇಲ್ಲಿಂದಲೇ ತಿದ್ದಿಕೊಟ್ಟೆನು. ಅದೇ ದಿನ ಸಂಜೆ ಹೊಸ ಸೆಲ್ ಕೊಂಡು ಚೀಲದಲ್ಲಿ ಇಟ್ಟುಕೊಂಡೆನು.

ಮರುದಿನದಿಂದ ಏಕನಾಥ ದಿನಾಲು 9:30ಕ್ಕೆ ಫೋನ್ ಮಾಡುತ್ತಿದ್ದರು. ಅವರು ಪರದೆಯ ಮೇಲಿನ ತಾರೀಖು ಓದಿ ಹೇಳುವುದು, ನಾನು ತಿದ್ದುವುದು. ನಡುವೆ ಚಾ ಆಯಿತೇ ಎಂದು ಕೇಳುತ್ತಿದ್ದರು. ತಮ್ಮ ಸಣ್ಣ ಮಗಳು ಶಾಲೆಗೆ ಹೋಗಲು ಮಾಡುವ ತಕರಾರು ಹೇಳುತ್ತಿದ್ದರು. ಸುಮಾರು ನಾಲ್ಕು ನಿಮಿಷದ ಮಾತು. ಒಂದು ದಿನ ಆರು ನಿಮಿಷ ಆಗಿತ್ತು.

ದಿನಾಂಕ 11-11-2025, ಮಂಗಳವಾರ ಬೆಳಿಗ್ಗೆ 10:20ಕ್ಕೆ ಬಸವಕಲ್ಯಾಣದ 61 ಜನರ ವರದಿ ಕಾಣೆಯಾಗಿರುವುದು ತಿಳಿದು ಬಂತು. ಶಾಖೆಯಿಂದ ಕಳಿಸಿದ ಮೇಲೆ ಅಲ್ಲಿ ಪ್ರತಿ ಉಳಿಯುವುದಿಲ್ಲ. ಎಲ್ಲರೂ ಮತ್ತೊಮ್ಮೆ ರಕ್ತ ಕೊಡಬೇಕಾಯಿತು. ಅವರಲ್ಲಿ ತುಂಬು ಗರ್ಭಿಣಿಯರು ಇಬ್ಬರಿದ್ದರು. ಮಾಲೀಕರಾದ ಡಾ. ಶೈಲೇಶ ಮೇಲೆ ಬಂದು, ಆ ವರದಿಗಳ ಕಡತದಲ್ಲಿ ಅಳಿಸುವ ಅಧಿಕಾರ ಯಾರ್ಯಾರಿಗಿದೆ, ಪಟ್ಟಿ ಬೇಕು ಎಂದರು. ಆರು ತಿಂಗಳ ನಂತರ ಅವರು ಮೊದಲ ಸಲ ಮಹಡಿ ಹತ್ತಿದ್ದರು.

ಅಳಿಸುವ ಅಧಿಕಾರ ‘ವರದಿ’ ಎಂಬ ಹೆಸರಿನ ಬಳಕೆದಾರರ ಗುಂಪಿಗೆ ಇರುತ್ತದೆ. ನಾನು ಎಂಟು ಸಾಲಿನ ಪ್ರೋಗ್ರಾಂ ಬರೆದು, ಈ ಗುಂಪಿನ ಸದಸ್ಯರು ಯಾರು ಎಂದು ಯಂತ್ರವನ್ನು ಕೇಳಿದೆನು. ಒಂದೇ ಹೆಸರು ಬಂತು, ಏಕನಾಥರದು. ಇವನೊಬ್ಬನೇ ಏನು, ಮತ್ಯಾರೂ ಇಲ್ಲವೇ ಎಂದು ಡಾಕ್ಟರ್ ಕೇಳಿದರು. ಇಲ್ಲ ಎಂದೆನು. ನನ್ನ ಪ್ರೋಗ್ರಾಮಿನ ಮೇಲೆ ನನಗೆ ಅಷ್ಟು ಜಂಬ. ಹಿಂದಿನ ವಾರ ರಜೆಯ ವಿಷಯಕ್ಕೆ ಡಾಕ್ಟರಿಗೂ ಏಕನಾಥರಿಗೂ ಮಾತಿಗೆ ಮಾತು ಬೆಳೆದಿತ್ತು. ಡಾಕ್ಟರ್ ಕಾಗದ ಮಡಚಿಕೊಂಡು ಹೋದರು. ಸಂಜೆ 5:30ರ ಸುಮಾರಿಗೆ ಏಕನಾಥರನ್ನು ವಿಚಾರಣೆಗೆ ಠಾಣೆಗೆ ಕರೆಸಿರುವ ವಿಷಯ ಕೆಳಗಿನವರು ಮಾತಾಡುವುದನ್ನು ಮೆಟ್ಟಿಲ ಮೇಲೆ ನಿಂತು ಕೇಳಿದೆನು. ನನಗೆ ಯಾರೂ ಹೇಳಲಿಲ್ಲ.

ಇಂದು ಬೆಳಿಗ್ಗೆ 9:30ಕ್ಕೆ ಫೋನ್ ಬರಲಿಲ್ಲ. 9:42ಕ್ಕೆ ಏಕನಾಥರ ನಂಬರಿನಿಂದಲೇ ಬಂತು. ನಾನು ಗಡಬಡಿಸಿ ಎತ್ತಿಕೊಂಡೆನು. ಮಾತಾಡಿದವರು ಅವರ ಹೆಂಡತಿ ಸ್ನೇಹಲ್. ಫೋನು ಮನೆಯಲ್ಲೇ ಬಿಟ್ಟು ಹೋಗಿದ್ದಾರೆ, ರಾತ್ರಿ ಮನೆಗೆ ಕಳಿಸಿದ್ದರು, ಮುಂಜಾನೆ ಮತ್ತೆ ಕರೆಸಿದ್ದಾರೆ ಎಂದು ತಿಳಿಸಿ, ಹೀಗೆ ಹೇಳಿದರು:

“ಅಕ್ಕಾರ, ಇವರು ಕಂಪ್ಯೂಟರಿಗೆ ಅಂಜತಾರ್ರಿ. ತಾರೀಖ ತಿದ್ದಾಕೂ ದಿನಾ ನಿಮಗೇ ಫೋನ್ ಹಚ್ಚತಾರ. ಅಂಥವರಿಗೆ ಅಳಸಾಕ ಹ್ಯಾಂಗ ಬರ್ತದ್ರಿ?”

ತಾರೀಖು ಎಂಬ ಮಾತು ಕೇಳಿದವಳೇ ಫೋನ್ ಇಟ್ಟು ಕಂಪ್ಯೂಟರಿನ ಮುಂದೆ ಕೂತೆನು. 9:55ಕ್ಕೆ ಪ್ರೋಗ್ರಾಂ ಬೇರೆ ರೀತಿ ಬರೆದೆನು. ಈ ಸಲ ಗುಂಪನ್ನು ಕೇಳಲಿಲ್ಲ. ಯಂತ್ರದಲ್ಲಿರುವ ಬಳಕೆದಾರರನ್ನು ಒಬ್ಬೊಬ್ಬರಾಗಿ ಹಿಡಿದು, ನೀನು ಯಾವ ಯಾವ ಗುಂಪಿನವನು ಎಂದು ಕೇಳಿದೆನು. ‘ವರದಿ’ ಗುಂಪಿಗೆ ಎರಡು ಹೆಸರು ಬಂದವು. ಎರಡನೆಯದು ನನ್ನದು.

ಈ ಹೇಳಿಕೆ ಬರೆದುಕೊಳ್ಳುತ್ತಿರುವ ಸಾಹೇಬರು ಬಿಡಿಸಿ ಹೇಳಲು ಕೇಳಿದ್ದರಿಂದ ಹೇಳುತ್ತೇನೆ. ಯಂತ್ರದಲ್ಲಿ ಎರಡು ಪಟ್ಟಿ ಇರುತ್ತವೆ. ಗುಂಪುಗಳ ಪಟ್ಟಿಯಲ್ಲಿ, ಗುಂಪಿಗೆ ಆಮೇಲೆ ಸೇರಿಸಿದವರ ಹೆಸರು ಇರುತ್ತದೆ. ಬಳಕೆದಾರರ ಪಟ್ಟಿಯಲ್ಲಿ, ಖಾತೆ ತೆರೆದ ದಿನವೇ ಅವರಿಗೆ ಕೊಟ್ಟ ಮೂಲ ಗುಂಪಿನ ಸಂಖ್ಯೆ ಇರುತ್ತದೆ. ಮೂಲದಲ್ಲೇ ಆ ಗುಂಪಿನವರಾದವರ ಹೆಸರನ್ನು ಮೊದಲ ಪಟ್ಟಿಯಲ್ಲಿ ಮತ್ತೆ ಬರೆಯುವುದಿಲ್ಲ. ಮದುವೆಗೆ ಕರೆಯುವವರ ಪಟ್ಟಿಯಲ್ಲಿ ಮನೆಯವರ ಹೆಸರು ಇರುವುದಿಲ್ಲ, ಹಾಗೆ. ನಾನು ಮೊದಲ ಪಟ್ಟಿ ಮಾತ್ರ ಓದಿ ಕೊಟ್ಟೆನು. ಪಟ್ಟಿಯಲ್ಲಿ ನಾನಿಲ್ಲದ್ದು ನನಗೂ ಹೊಳೆಯಲಿಲ್ಲ, ಡಾಕ್ಟರಿಗೂ ಹೊಳೆಯಲಿಲ್ಲ. ಸಂಶಯಕ್ಕಾದರೂ ಯಾರಿಗೂ ನನ್ನ ನೆನಪಾಗಲಿಲ್ಲ. ಇದಕ್ಕೆ ನನಗೆ ಬೇಸರವಾಗಿದೆ.

ವರದಿಗಳನ್ನು ಅಳಿಸಿದ್ದು ನನ್ನ ಖಾತೆಯೇ. ಐದು ವರ್ಷಕ್ಕಿಂತ ಹಳೆಯ ವರದಿ ತೆಗೆದುಹಾಕುವ ಒಂದು ಪ್ರೋಗ್ರಾಂ ನಾನೇ ಬರೆದಿದ್ದು, ಅದು ಪ್ರತಿ ಸೋಮವಾರ ಸಂಜೆ 6:00ಕ್ಕೆ ನನ್ನ ಹೆಸರಿನಲ್ಲಿ ತಾನಾಗಿಯೇ ನಡೆಯುತ್ತದೆ. ದಿನಾಂಕ 10ರಂದು ಬಸವಕಲ್ಯಾಣದಲ್ಲಿ 11:15ಕ್ಕೆ ಕರೆಂಟು ಹೋಗಿ ಬಂದಿದೆ. ಕಂಪ್ಯೂಟರ್ ಮತ್ತೆ ಚಾಲೂ ಆಗಿ ತಾರೀಖು 2009ಕ್ಕೆ ಹೋಗಿದೆ. ಏಕನಾಥರ ಮುಂದೆ ಜನ ಸಾಲುಗಟ್ಟಿದ್ದರು, ಅವರು ಅದನ್ನು ನೋಡಿಲ್ಲ. ಆಮೇಲೆ ಬಂದ 61 ವರದಿಗಳೂ ಹಳೇ ತಾರೀಖು ಹೊತ್ತು ಬಂದವು. ಸಂಜೆ ನನ್ನ ಪ್ರೋಗ್ರಾಂ ಹಳೆಯವೆಂದು ತಿಳಿದು ಗುಡಿಸಿ ಹಾಕಿತು. ಇದರ ದಾಖಲೆಯ ಮೂರು ಹಾಳೆ ಹಾಜರುಪಡಿಸಿರುತ್ತೇನೆ. ಏಕನಾಥರದು ಇದರಲ್ಲಿ ಏನೂ ತಪ್ಪಿಲ್ಲ.

ಸೆಲ್ ಹಾಕಲು ಎಷ್ಟು ಹೊತ್ತು ಬೇಕೆಂದು ಸಾಹೇಬರು ಕೇಳಿದರು. ಹತ್ತು ನಿಮಿಷ ಎಂದೆನು. ಹಾಗಾದರೆ ಹದಿನೈದು ದಿನ ಚೀಲದಲ್ಲಿ ಯಾಕೆ ಇಟ್ಟುಕೊಂಡಿದ್ದಿರಿ, ಕೆಲಸ ಬಹಳವಿತ್ತೇ ಎಂದರು. ಇರಲಿಲ್ಲ. ಬಸ್ ಸಿಗಲಿಲ್ಲವೇ ಎಂದರು. ನಿಲ್ದಾಣ ನನ್ನ ಕೋಣೆಯಿಂದ 150 ಮೀಟರ್, ಬಸವಕಲ್ಯಾಣದ ಬಸ್ಸು ಬೇಕಾದಷ್ಟಿವೆ. ಸೆಲ್ ಹಾಕಿದರೆ ಬೆಳಗಿನ ಫೋನ್ ನಿಂತುಹೋಗುತ್ತಿತ್ತು, ಅದಕ್ಕೆ ಹಾಕಲಿಲ್ಲ. ದಿನದಲ್ಲಿ ನನ್ನ ಜೊತೆ ಒಬ್ಬರು ಮಾತಾಡುವುದೆಂದರೆ ಅಷ್ಟೇ ಇತ್ತು. ಬೇರೆ ಯಾವ ಸಂಬಂಧವೂ ಇಲ್ಲ. ಏಕನಾಥರಿಗೆ ಇದು ಗೊತ್ತೂ ಇಲ್ಲ.

ಮೇಲಿನ ನಾಲ್ಕು ಸಾಲು ಬಿಟ್ಟು ಬರೆದುಕೊಳ್ಳಲು ಆಗುವುದೇ ಎಂದು ವಿನಂತಿಸಿದೆನು. ಕಾರಣವಿಲ್ಲದಿದ್ದರೆ ಯಾರೋ ಹೇಳಿಕೊಟ್ಟು ಕಳಿಸಿದ್ದಾರೆ ಎನ್ನುತ್ತಾರೆ, ಏಕನಾಥರನ್ನು ಇಂದು ಬಿಡುವುದು ಕಷ್ಟವಾಗುತ್ತದೆ ಎಂದು ಸಾಹೇಬರು ಹೇಳಿದರು. ಏಕನಾಥ ಹೊರಗೆ ಬೆಂಚಿನ ಮೇಲೆ, ನಾನು ಕೂತಲ್ಲಿಂದ ಹತ್ತು ಅಡಿ ದೂರದಲ್ಲಿ ಇದ್ದರು. ಬಾಗಿಲು ತೆರೆದಿತ್ತು. ಬರೆದುಕೊಳ್ಳಿರಿ ಎಂದೆನು.

ಬರೆದುಕೊಂಡಿದ್ದನ್ನು ನಿಯಮದಂತೆ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳಿದರು. ಕೇಳಿದ್ದೇನೆ. ನಾನು ಹೇಳಿದಂತೆಯೇ ಇದ್ದು, ಸತ್ಯವಾಗಿರುತ್ತದೆ.

ಸ್ಥಳ: ಹುಮನಾಬಾದ
ದಿನಾಂಕ: 12-11-2025, ಮಧ್ಯಾಹ್ನ 2:40
ಸಹಿ: ಉಜ್ವಲಾ