ಹಳದಿ ಗೌನಿನ ಹುಡುಗಿ

ಕೈರೋದ ಗ್ಯಾಲರಿಯೊಂದರ ಮುಂದೆ ಸಾಲಿನಲ್ಲಿದ್ದ ಶಿರೀನಳಿಗೆ ಮುಂದಿನ ಮುದಿ ಅಕ್ಕತಂಗಿಯರ ಮಾತು ಕೇಳುತ್ತಿತ್ತು. ಹುಡುಗಿಯೊಬ್ಬಳ ಫೋಟೋ ಇದ್ದ ಹಳೆಯ ಹಾಡಿನ ರೆಕಾರ್ಡೊಂದರ ಕವರನ್ನು ಕಲಾವಿದನೊಬ್ಬ ಹೊಸದಾಗಿ ಚಿತ್ರಿಸಿ, ಐವತ್ತೇ ಪ್ರತಿ ಅಚ್ಚು ಹಾಕಿಸಿದ್ದ; ಸಾಲು ಅದನ್ನು ಕೊಳ್ಳಲು.

"ಅಕ್ಕಾ, ಅದರಲ್ಲಿ ಕಾಣೋದು ನಿನ್ನ ಬೆನ್ನು ಅಷ್ಟೇ."

"ಬೆನ್ನಾದ್ರೇನು ಇನ್‌ಶಿರಾಹ್, ನೈಲ್ ದಡದಲ್ಲಿ ನಿಂತೋಳು ನಾನೇ ತಾನೆ?"

"ಹಾಕ್ಕೊಂಡಿದ್ದ ಹಳದಿ ಗೌನು ಯಾರದು? ಫೋಟೋದವನು ಮೊದಲು ಕರೆದಿದ್ದು ಯಾರನ್ನ? ನಾನು ಜ್ವರದಲ್ಲಿ ಮಲಗಿದ್ರೆ, ಕೇಳದೇ ಎತ್ಕೊಂಡು ಹೋದೆ."

"ಕೇಳಿದ್ರೆ ಕೊಡ್ತಿದ್ದೆಯೇನೇ?"

"ಸತ್ರೂ ಕೊಡ್ತಿರಲಿಲ್ಲ!"

ಒಂದೇ ಪ್ರತಿ ಉಳಿದಿದೆಯೆಂದು ಒಳಗಿನಿಂದ ಕೂಗಿದರು. ತಂಗಿ ಅಕ್ಕನನ್ನು ಸರಿಸಿ ನುಗ್ಗಿ, ಅದನ್ನು ಕೊಂಡೇಬಿಟ್ಟಳು.

"ಐವತ್ತು ವರ್ಷವಾದ್ರೂ ಹೊಟ್ಟೆಕಿಚ್ಚು ಆರಲಿಲ್ವಲ್ಲೇ! ನನ್ನ ಚಿತ್ರ ನಿನ್ನ ಗೋಡೆಗೆ ಯಾಕೆ?"

"ಮೊಮ್ಮಕ್ಕಳಿಗೆ ಅದು ನಾನೇ ಅಂತ ಹೇಳ್ತೀನಿ. ಮುಖ ಕಾಣಲ್ವಲ್ಲ."

ಚಿತ್ರವನ್ನು ಎದೆಗವಚಿಕೊಂಡು ತಂಗಿ ಬೀದಿಗಿಳಿದಳು.